ಸ್ಪೀಡ್ ಟೆಸ್ಟ್ ಸದಾ 94ರಲ್ಲೇ ನಿಲ್ಲುತ್ತದೆ: ಕಂಪನಿ ಮೋಸ ಮಾಡುತ್ತಿದೆಯೇ?

ಓದುಗರ ಪ್ರಶ್ನೆ: ಮನೆಯಿಂದಲೇ ಆನ್‌ಲೈನ್ ಪಾಠ ಹೇಳುತ್ತೇನೆ. ಮೊದಲು 100 ಎಂಬಿಪಿಎಸ್ ಇಂಟರ್ನೆಟ್ ಪ್ಲಾನ್ ಇತ್ತು. ಸಂಜೆ ಏಳರ ಮೇಲೆ ಮನೆಯವರೆಲ್ಲ ಬಂದ ನಂತರ ಪಾಠದ ನಡುವೆ ನನ್ನ ದನಿ ತುಂಡು ತುಂಡಾಗುತ್ತದೆ ಎಂದು ಮಕ್ಕಳು ದೂರುತ್ತಿದ್ದರು. ಕಸ್ಟಮರ್ ಕೇರ್‌ನವರು ದೊಡ್ಡ ಪ್ಲಾನ್‌ಗೆ ಹೋಗಿ ಎಂದರು. ಐದು ತಿಂಗಳಿಂದ 200ಕ್ಕೆ ದುಡ್ಡು ಕಟ್ಟುತ್ತಿದ್ದೇನೆ. ದನಿ ಇನ್ನೂ ತುಂಡಾಗುತ್ತಿದೆ. ಕಂಪ್ಯೂಟರ್‌ಗೆ ವೈರ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿದರೆ ಬೆಳಿಗ್ಗೆ, ರಾತ್ರಿ ಯಾವಾಗಲೂ 94. ಕೇಳಿದರೆ ‘ನಮ್ಮ ಕಡೆ ಎಲ್ಲ ಸರಿಯಿದೆ, ರೌಟರ್ ಆಫ್ ಮಾಡಿ ಆನ್ ಮಾಡಿ’ ಅನ್ನುತ್ತಾರೆ. ಇದರ ಜೊತೆಗೆ ಅಪ್‌ಡೇಟ್ ಆದ ಮೇಲೆ ಫೋನ್ ನಿಧಾನವಾಗಿದೆ. ಮನೆಯಲ್ಲಿ ಮಾತಾಡಿದ ವಸ್ತುವಿನ ಜಾಹೀರಾತು ಮರುದಿನವೇ ಕಾಣುತ್ತದೆ. ನನ್ನ ಅಕ್ಕನ ಮಗ, ‘ಎಲ್ಲ ಕಂಪನಿಗಳೂ ಕಳ್ಳರೇ. ಡಿಎನ್‌ಎಸ್ ಬದಲಿಸಿ, ಉಚಿತ ವಿಪಿಎನ್ ಹಾಕಿಕೊಳ್ಳಿ, ಅಪ್‌ಡೇಟ್ ನಿಲ್ಲಿಸಿಬಿಡಿ’ ಎನ್ನುತ್ತಾನೆ. ಅವನ ಮಾತು ಕೇಳಲೇ?

ತಜ್ಞರ ಉತ್ತರ:

ನಿಮ್ಮ ಅನುಮಾನ ತಪ್ಪಲ್ಲ. ಆದರೆ ಅದು ಕೆಲವು ಕಡೆ ತಪ್ಪು ಜಾಗದಲ್ಲಿ ಕೂತಿದೆ. ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಜಾಹೀರಾತೂ ಅಲ್ಲ, ಫೋನೂ ಅಲ್ಲ. 94 ಎಂಬ ಆ ಅಂಕಿ. ಇಂಟರ್ನೆಟ್ ಸೇವೆ ಕೊಡುವ ಸಂಸ್ಥೆಯ ನೆಟ್‌ವರ್ಕ್ ವಿಭಾಗದಲ್ಲಿ ಬಹಳ ವರ್ಷ ದುಡಿದವನು ನಾನು. ನಮ್ಮಂಥವರಿಗೆ ಈ ಅಂಕಿ ನಾಡಿ ಹಿಡಿದ ಕೂಡಲೇ ತಿಳಿಯುವ ರೋಗ.

ಲೈನ್‌ನಲ್ಲಿ ದಟ್ಟಣೆ ಇದ್ದರೆ ವೇಗ ಏರಿಳಿಯುತ್ತದೆ. ಬೆಳಿಗ್ಗೆ 180, ಸಂಜೆ 60, ನಡುರಾತ್ರಿ 195, ಹೀಗೆ. ಹೊತ್ತು ಯಾವುದಾದರೂ 94ರಲ್ಲೇ ಗೂಟ ಹೊಡೆದಂತೆ ನಿಂತಿದೆ ಎಂದರೆ ದಾರಿಯಲ್ಲೆಲ್ಲೋ ಒಂದು ಕಡೆ 100 ಮೆಗಾಬಿಟ್‌ನ ಬಾಗಿಲಿದೆ. ವೈರ್ ಸಿಕ್ಕಿಸುವ ಹಳೆಯ ಬಗೆಯ ಈಥರ್ನೆಟ್ ಪೋರ್ಟ್ ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುತ್ತದೆ. ಮಾಹಿತಿ ಸಾಗುವುದು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಲ್ಲಿ. ಪ್ರತಿ ಪ್ಯಾಕೆಟ್‌ಗೂ ವಿಳಾಸ, ತಪಾಸಣೆಯ ಅಂಕಿ, ನಡುವಿನ ಖಾಲಿ ಜಾಗ ಎಂದು ಒಂದಿಷ್ಟು ಸುತ್ತುಕಾಗದ ಇರುತ್ತದೆ. ತಂತಿಯ ಮೇಲೆ 1538 ಬೈಟ್‌ನಷ್ಟು ಜಾಗ ಹಿಡಿಯುವ ಪ್ಯಾಕೆಟ್‌ನಲ್ಲಿ ನಿಮ್ಮ ನಿಜವಾದ ಸರಕು ಸುಮಾರು 1448 ಬೈಟ್ ಮಾತ್ರ. ಭಾಗಿಸಿ ನೋಡಿ, ನೂರಕ್ಕೆ 94 ಬರುತ್ತದೆ. ನೀವು 200ರ ಪ್ಲಾನ್ ಕೊಂಡರೂ 500ರದ್ದು ಕೊಂಡರೂ ಆ ಬಾಗಿಲು ದಾಟಿ ಬರುವುದು ಅಷ್ಟೇ.

ಬಾಗಿಲು ಎಲ್ಲಿದೆ? ಮೊದಲ ಶಂಕೆ ಕೇಬಲ್ ಮೇಲೆ. ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುವ ಗಿಗಾಬಿಟ್ ಈಥರ್ನೆಟ್‌ಗೆ ಕೇಬಲ್‌ನೊಳಗಿನ ಎಂಟು ಎಳೆಗಳೂ ಬೇಕು. 100ಕ್ಕೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದೇ ಎಳೆ ತುಂಡಾಗಿದ್ದರೂ ಎರಡು ಕಡೆಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿದು ರಾಜಿಯಾಗುತ್ತವೆ. ಕಂಪ್ಯೂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ಎಂದಿರುತ್ತದೆ, ನೋಡಿ. ಅಲ್ಲಿ 1000 ಬದಲು 100 ಎಂದಿದ್ದರೆ ಬೇರೆ ಒಳ್ಳೆಯ ಕೇಬಲ್ ಹಾಕಿ ಪರೀಕ್ಷಿಸಿ. ಆಗಲೂ 100 ಎಂದೇ ಬಂದರೆ, ಒಂದೋ ಕಂಪ್ಯೂಟರ್‌ನ ಪೋರ್ಟ್ ಹಳೆಯದು, ಇಲ್ಲವೇ ಕಂಪನಿ ಕೊಟ್ಟ ರೌಟರ್‌ದು.

ರೌಟರ್‌ದೇ ಆಗಿದ್ದರೆ ನಿಮ್ಮ ಸಿಟ್ಟಿಗೆ ಪೂರ್ತಿ ನ್ಯಾಯವಿದೆ. ನಾನಿದ್ದ ಸಂಸ್ಥೆಯಲ್ಲಿ ಇದೇ ನಡೆದಿತ್ತು. ಮಾರ್ಕೆಟಿಂಗ್‌ನವರು ಪ್ಲಾನ್‌ಗಳನ್ನು ಏರಿಸುತ್ತ ಹೋದರು, ಮನೆಗಳಲ್ಲಿದ್ದ ಹಳೆಯ ಪೆಟ್ಟಿಗೆಗಳು ಹಾಗೇ ಉಳಿದವು. ಯಾರ ಮನೆಯಲ್ಲಿ ಯಾವ ಮಾದರಿ ಇದೆ ಎಂಬ ಪಟ್ಟಿ ನಮ್ಮ ವಿಭಾಗದಲ್ಲಿತ್ತು, ಬಿಲ್ ಮಾಡುವವರ ಬಳಿ ಇರಲಿಲ್ಲ. ಎರಡನ್ನೂ ಹೊಂದಿಸಿ ನೋಡಿ ಎಂದು ನಾವು ಹೇಳಿದೆವು. ಹೊಂದಿಸಿದರೆ ಸಾವಿರಾರು ಪೆಟ್ಟಿಗೆ ಬದಲಿಸಬೇಕು, ಹೊಂದಿಸದಿದ್ದರೆ ಹೆಚ್ಚಿನ ಬಾಡಿಗೆ ಬರುತ್ತಲೇ ಇರುತ್ತದೆ. ಹಾಗಾಗಿ ಆ ಕೆಲಸ ಯಾರ ಮೇಜಿಗೂ ಬರಲಿಲ್ಲ. ಗ್ರಾಹಕರಿಗೆ ಸುಳ್ಳು ಹೇಳೋಣ ಎಂದು ಯಾರೂ ಕೂತು ತೀರ್ಮಾನಿಸಲಿಲ್ಲ. ನಿಜ ಹೇಳುವುದರಿಂದ ಯಾರಿಗೂ ಲಾಭ ಇರಲಿಲ್ಲ, ಅಷ್ಟೇ. ಈ ಉದ್ಯಮದಲ್ಲಿ ನಾನು ಕಂಡ ಅನ್ಯಾಯದ ಬಹುಪಾಲು ಈ ಜಾತಿಯದು.

ಇನ್ನು ದನಿ ತುಂಡಾಗುವುದು. ಇಲ್ಲಿ ಕಸ್ಟಮರ್ ಕೇರ್‌ನವರು ಕೊಟ್ಟ ಸಲಹೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ವಿಡಿಯೊ ಪಾಠಕ್ಕೆ ಕೆಲವೇ ಮೆಗಾಬಿಟ್ ಸಾಕು. ಸಂಜೆಯೂ ನಿಮಗೆ 94 ಸಿಗುತ್ತಿದೆ ಅಂದಮೇಲೆ ಡೌನ್‌ಲೋಡ್ ವೇಗಕ್ಕೂ ಈ ತೊಂದರೆಗೂ ಸಂಬಂಧ ಇರುವ ಹಾಗೆ ಕಾಣುವುದಿಲ್ಲ. ತುಂಡಾಗುತ್ತಿರುವುದು ನಿಮ್ಮ ದನಿ, ಅಂದರೆ ಮನೆಯಿಂದ ಹೊರಗೆ ಹೋಗುವ ದಿಕ್ಕು. ಆ ಹೊತ್ತಿಗೆ ಮನೆಯವರೆಲ್ಲ ಬಂದಿರುತ್ತಾರೆ ಎಂದು ನೀವೇ ಬರೆದಿದ್ದೀರಿ. ಅವರ ಫೋನ್‌ಗಳು ಮನೆಯ ವೈಫೈ ಸಿಕ್ಕ ಕೂಡಲೇ ದಿನವಿಡೀ ತೆಗೆದ ಫೋಟೊ, ವಿಡಿಯೊಗಳನ್ನು ಬ್ಯಾಕಪ್‌ಗೆ ಏರಿಸಲು ತೊಡಗುತ್ತವೆ. ಹಲವು ಪ್ಲಾನ್‌ಗಳಲ್ಲಿ ಅಪ್‌ಲೋಡ್ ವೇಗ ಡೌನ್‌ಲೋಡ್‌ಗಿಂತ ಬಹಳ ಕಡಿಮೆ ಇರುತ್ತದೆ. ಜಾಹೀರಾತಿನ ದೊಡ್ಡ ಅಕ್ಷರದಲ್ಲಿ ಅದು ಬರುವುದೇ ಇಲ್ಲ.

ಹೊರಗೆ ಹೋಗುವ ದಾರಿ ತುಂಬಿದಾಗ ರೌಟರ್ ಏನು ಮಾಡುತ್ತದೆ? ಬಂದದ್ದನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಆ ಸಾಲಿಗೆ 1 ಮೆಗಾಬೈಟ್ ಜಾಗ ಇದೆ, ಅಪ್‌ಲೋಡ್ 20 ಎಂಬಿಪಿಎಸ್ ಎಂದುಕೊಳ್ಳಿ. 1 ಮೆಗಾಬೈಟ್ ಎಂದರೆ 8 ಮೆಗಾಬಿಟ್. ಸಾಲು ಕರಗಲು 0.4 ಸೆಕೆಂಡು, ಅಂದರೆ 400 ಮಿಲಿಸೆಕೆಂಡು ಬೇಕು. ನಿಮ್ಮ ದನಿಯ ಪುಟ್ಟ ಪ್ಯಾಕೆಟ್ ಆ ಫೋಟೊಗಳ ಹಿಂದೆ ಅಷ್ಟು ಹೊತ್ತು ಕಾಯುತ್ತದೆ. ಮಾತುಕತೆ ಸಹಜವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಒಳ್ಳೆಯದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯು ಇಟ್ಟುಕೊಂಡ ಅಳತೆ. ಈ ರೋಗಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. 2010ರ ಆಸುಪಾಸಿನಲ್ಲಿ ಜಿಮ್ ಗೆಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯ ಸಂಪರ್ಕವನ್ನೇ ಪರೀಕ್ಷಿಸುತ್ತ ಇದರ ಬೆನ್ನು ಹತ್ತಿದರು. ಮದ್ದೂ ಸಿಕ್ಕಿದೆ. ದೊಡ್ಡ ಸರಕಿನ ನಡುವೆ ಸಣ್ಣ ಪ್ಯಾಕೆಟ್‌ಗಳಿಗೆ ದಾರಿ ಬಿಡುವ ಎಫ್‌ಕ್ಯೂ-ಕೊಡೆಲ್ ಎಂಬ ವಿಧಾನ 2018ರಲ್ಲಿ ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಆರ್‌ಎಫ್‌ಸಿ 8290 ಎಂಬ ಸಂಖ್ಯೆಯಲ್ಲಿ ಪ್ರಕಟವಾಯಿತು. ಇಷ್ಟಾದರೂ ಅದಿಲ್ಲದ ಪೆಟ್ಟಿಗೆಗಳು ಮನೆಗಳಿಗೆ ಬರುತ್ತಲೇ ಇವೆ. ಸ್ಪೀಡ್ ಟೆಸ್ಟ್‌ನ ದೊಡ್ಡ ಅಂಕಿ ಇದರಿಂದ ಏರುವುದಿಲ್ಲ. ಏರದ ಅಂಕಿಗಾಗಿ ಖರ್ಚು ಮಾಡಲು ಮಾರಾಟದವರು ಒಪ್ಪುವುದಿಲ್ಲ.

ಇದೇ ಕಾರಣವೋ ಎಂದು ತಿಳಿಯುವುದು ಸುಲಭ. ಸಂಜೆ ಕಂಪ್ಯೂಟರ್‌ನಲ್ಲಿ ಪಿಂಗ್ (ಒಂದು ಪುಟ್ಟ ಪ್ಯಾಕೆಟ್ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಬೇಕು ಎಂದು ಅಳೆಯುವ ಆಜ್ಞೆ) ಓಡಿಸಿಟ್ಟು, ಒಂದು ಫೋನಿನಿಂದ ದೊಡ್ಡ ವಿಡಿಯೊ ಅಪ್‌ಲೋಡ್‌ಗೆ ಹಾಕಿ. 20 ಮಿಲಿಸೆಕೆಂಡು ಇದ್ದದ್ದು 300, 500ಕ್ಕೆ ಜಿಗಿದರೆ ಕಳ್ಳ ಸಿಕ್ಕಿದ. ಪಾಠದ ಹೊತ್ತಿನಲ್ಲಿ ಎಲ್ಲರ ಫೋಟೊ ಬ್ಯಾಕಪ್ ನಿಲ್ಲಿಸುವುದು ಖರ್ಚಿಲ್ಲದ ದಾರಿ, ಆದರೆ ಮನೆಯವರ ನೆನಪಿನ ಮೇಲೆ ನಿಂತಿರುವ ದಾರಿ. ಗಟ್ಟಿಯಾದದ್ದು ಎಂದರೆ, ಸಾಲನ್ನು ಹೀಗೆ ಜಾಣತನದಿಂದ ನಿಭಾಯಿಸುವ ಎಸ್‌ಕ್ಯೂಎಂ ಅಥವಾ ಸ್ಮಾರ್ಟ್ ಕ್ಯೂ ಸೌಲಭ್ಯ ಇರುವ ರೌಟರ್ ತಂದು, ನಿಜವಾಗಿ ಸಿಗುವ ವೇಗದ ಶೇ 85–90ಕ್ಕೆ ಮಿತಿ ಹಾಕುವುದು. ವೇಗವನ್ನು ನಾವೇ ತುಸು ಬಿಟ್ಟುಕೊಟ್ಟು ಸಾಲಿನ ಮೇಲೆ ಹಿಡಿತ ಪಡೆಯುವ ಉಪಾಯ ಇದು. ಅಪಾಯವೂ ಇದೆ: ಬಡಕಲು ಪ್ರೊಸೆಸರ್ ಇರುವ ರೌಟರ್‌ನಲ್ಲಿ ಇದನ್ನು ಆನ್ ಮಾಡಿದರೆ ಒಟ್ಟು ವೇಗವೇ ಕುಸಿಯಬಹುದು.

ಪಿಂಗ್ ಜಿಗಿಯದೆಯೂ ದನಿ ತುಂಡಾದರೆ? ಮೊದಲು ಪಾಠ ಮಾಡುವ ಯಂತ್ರಕ್ಕೇ ವೈರ್ ಹಾಕಿ. ವೈಫೈನ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಸಂಜೆ ಅಕ್ಕಪಕ್ಕದ ಮನೆಗಳೆಲ್ಲ ಅದರಲ್ಲೇ ಕೂತಿರುತ್ತವೆ. ವೈರ್ ಹಾಕಿದ ಮೇಲೂ ಸಂಜೆ ಮಾತ್ರ ತೊಂದರೆ ಬಂದರೆ ಆಗ ಕಂಪನಿಯ ಕಡೆ ಬೆರಳು ತೋರಿಸಬಹುದು.

ಲೈನನ್ನು ಹಂಚಿ ಮಾರುವುದೇ ಮೋಸ ಎಂದು ಹಲವರು ನಂಬಿದ್ದಾರೆ. ಅದು ಹಾಗಲ್ಲ. ಬಹಳ ಕಡೆ ಇರುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆಯ ಮೇಲೆ ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಸುಮಾರು 1.25 ಗಿಗಾಬಿಟ್ ಹರಿಯುತ್ತದೆ. ಅದನ್ನು 32 ಅಥವಾ 64 ಮನೆಗಳಿಗೆ ಕವಲು ಮಾಡುವುದು ರೂಢಿ. 32 ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೆ ತಲೆಗೆ 78 ಮೆಗಾಬಿಟ್ ಆಗುತ್ತದೆ. ಹಾಗೆ ಯಾರೂ ಒಟ್ಟಿಗೆ ಎಳೆಯುವುದಿಲ್ಲವಾದ್ದರಿಂದ ಎಲ್ಲರಿಗೂ 200 ಎಂದು ಮಾರಬಹುದು, ಅದು ನಡೆಯುತ್ತದೆ ಕೂಡ. ಹಂಚಿಕೆ ಇಲ್ಲದೆ ಮೀಸಲು ಲೈನ್ ಕೊಡುವುದೂ ಉಂಟು, ದುಬಾರಿ. ಹಂಚಿಕೆಯ ಲೆಕ್ಕ ತಪ್ಪಿ ವರ್ಷಗಟ್ಟಲೆ ಹಾಗೇ ಬಿಟ್ಟರೆ ಅದು ಮೋಸ. ಒಪ್ಪಂದದಲ್ಲಿರುವ ‘ವರೆಗೆ’ ಎಂಬ ಮೂರಕ್ಷರ ಆ ದಿನಕ್ಕಾಗಿಯೇ ಬರೆದಿಟ್ಟದ್ದು.

ಸ್ಪೀಡ್ ಟೆಸ್ಟ್ ಒಳ್ಳೆಯ ಅಂಕಿ ತೋರಿಸಿಯೂ ವಿಡಿಯೊ ನಿಲ್ಲುವುದಕ್ಕೆ ಇನ್ನೊಂದು ಕಾರಣ ಇದೆ, ಅದು ನೀವು ನೋಡಲಾಗದ ಜಾಗದಲ್ಲಿದೆ. ಟೆಸ್ಟ್‌ನ ಸರ್ವರ್ ಹಲವು ಬಾರಿ ಕಂಪನಿಯ ಸ್ವಂತ ಜಾಲದೊಳಗೇ ಇರುತ್ತದೆ. ಊರೊಳಗಿನ ರಸ್ತೆ ಅಗಲವಾಗಿದ್ದು, ಪಕ್ಕದ ಊರಿಗೆ ಹೋಗುವ ಸೇತುವೆ ಕಿರಿದಾಗಿದ್ದರೆ ಆ ಟೆಸ್ಟ್‌ಗೆ ಹೇಗೆ ಗೊತ್ತಾಗಬೇಕು? ಅಮೆರಿಕದಲ್ಲಿ 2013–14ರಲ್ಲಿ ಕಾಮ್‌ಕಾಸ್ಟ್ ಎಂಬ ಇಂಟರ್ನೆಟ್ ಕಂಪನಿಯ ಗ್ರಾಹಕರಿಗೆ ನೆಟ್‌ಫ್ಲಿಕ್ಸ್ ತಿಂಗಳುಗಟ್ಟಲೆ ಮಂದವಾಗಿತ್ತು. ತಕರಾರು ಇದ್ದದ್ದು ಎರಡು ಜಾಲಗಳು ಕೂಡುವ ಜಾಗದಲ್ಲಿ, ಅಲ್ಲಿನ ಖರ್ಚು ಯಾರು ಹೊರಬೇಕು ಎಂಬುದರ ಮೇಲೆ. 2014ರ ಫೆಬ್ರುವರಿಯಲ್ಲಿ ನೆಟ್‌ಫ್ಲಿಕ್ಸ್ ದುಡ್ಡು ಕೊಟ್ಟು ನೇರ ಸಂಪರ್ಕ ಪಡೆಯಿತು, ವೇಗ ಏರಿತು. ಅದಕ್ಕೂ ಮೊದಲು, 2007ರಲ್ಲಿ, ಅದೇ ಕಾಮ್‌ಕಾಸ್ಟ್ ಬಳಕೆದಾರರು ತಮ್ಮತಮ್ಮಲ್ಲೇ ಫೈಲ್ ಹಂಚಿಕೊಳ್ಳುವ ಬಿಟ್‌ಟೊರೆಂಟ್ ಸಂಪರ್ಕಗಳನ್ನು ನಡುವೆ ಕೈಹಾಕಿ ಕಡಿಯುತ್ತಿದ್ದುದನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತಾನೇ ಪರೀಕ್ಷೆ ಮಾಡಿ ಬಯಲಿಗೆಳೆದಿತ್ತು. ಕೆಲವು ಸೇವೆಗಳನ್ನು ಬೇಕೆಂದೇ ನಿಧಾನಿಸುತ್ತಾರೆ ಎಂಬುದು ಬರೀ ಕಟ್ಟುಕಥೆಯಲ್ಲ. ಅನುಮಾನ ಇದ್ದರೆ ಫಾಸ್ಟ್ ಡಾಟ್ ಕಾಮ್‌ನಲ್ಲೂ ಅಳೆಯಿರಿ. ಅದು 2016ರಲ್ಲಿ ನೆಟ್‌ಫ್ಲಿಕ್ಸ್ ತನ್ನದೇ ಸರ್ವರ್‌ಗಳ ಮೇಲೆ ಶುರುಮಾಡಿದ ಪರೀಕ್ಷೆ. ಸಾಮಾನ್ಯ ಟೆಸ್ಟ್‌ಗೂ ಇದಕ್ಕೂ ಅಜಗಜಾಂತರ ಕಂಡರೆ ಕೇಳಬೇಕಾದ ಪ್ರಶ್ನೆ ಇದೆ ಎಂದರ್ಥ. ಹಾಗೆಂದು ಟ್ರೇಸ್‌ರೂಟ್ (ಪ್ಯಾಕೆಟ್ ಯಾವ ಯಾವ ರೌಟರ್ ದಾಟಿ ಹೋಗುತ್ತದೆ ಎಂದು ಸಾಲುಸಾಲಾಗಿ ತೋರಿಸುವ ಆಜ್ಞೆ) ಮಾಡಿ ನಡುವಿನ ಒಂದು ಸಾಲಿನಲ್ಲಿ ನಕ್ಷತ್ರ ಚಿಹ್ನೆ ಬಂತು ಎಂದು ಸ್ಕ್ರೀನ್‌ಶಾಟ್ ಕಳಿಸಬೇಡಿ. ನಡುವಿನ ರೌಟರ್‌ಗಳು ಅಂಥ ವಿಚಾರಣೆಗೆ ಉತ್ತರಿಸುವುದನ್ನು ಕೊನೆಯ ಕೆಲಸ ಎಂದು ಇಟ್ಟುಕೊಂಡಿರುತ್ತವೆ. ಆ ಸ್ಕ್ರೀನ್‌ಶಾಟ್‌ಗಳನ್ನು ನಾವು ನೋಡಿ ನಕ್ಕು ಪಕ್ಕಕ್ಕಿಡುತ್ತಿದ್ದೆವು. ಅದರ ಜೊತೆ ನಿಜವಾದ ದೂರೂ ಪಕ್ಕಕ್ಕೆ ಹೋಗುತ್ತಿತ್ತು ಎಂಬುದು ಈಗ ನೆನೆದರೆ ಬೇಸರ.

ನಾವು ಪಕ್ಕಕ್ಕಿಡಲಾಗದ ದೂರು ಹೇಗಿರುತ್ತಿತ್ತು? ಒಂದು ವಾರ, ದಿನಕ್ಕೆ ನಾಲ್ಕು ಹೊತ್ತು, ವೈರ್ ಹಾಕಿ ಅಳೆದ ಡೌನ್‌ಲೋಡ್, ಅಪ್‌ಲೋಡ್, ಪಿಂಗ್. ಬರಹದಲ್ಲಿ, ದೂರಿನ ಸಂಖ್ಯೆಯ ಸಮೇತ. ಫೈಬರ್ ಇದ್ದರೆ ಮನೆಗೆ ಬರುವ ಬೆಳಕಿನ ಬಲ ಎಷ್ಟು ಎಂದೂ ಕೇಳಿ. ಡಿಬಿಎಂ ಎಂಬ ಮಾನದಲ್ಲಿ ಹೇಳುತ್ತಾರೆ. ಸಾಮಾನ್ಯ ಜಿಪಾನ್ ಪೆಟ್ಟಿಗೆಗೆ ಮೈನಸ್ 8ರಿಂದ ಮೈನಸ್ 27ರ ನಡುವೆ ಇರಬೇಕು. ಮೈನಸ್ 26, 27ರ ಅಂಚಿನಲ್ಲಿದ್ದರೆ ಎಲ್ಲೋ ಕೇಬಲ್ ಬಾಗಿರಬಹುದು ಅಥವಾ ಜೋಡಣೆ ಕೊಳೆಯಾಗಿರಬಹುದು. ಈ ಒಂದು ಪ್ರಶ್ನೆ ಕೇಳಿದರೆ ಎದುರಿನವರ ಮಾತಿನ ಧಾಟಿಯೇ ಬದಲಾಗುತ್ತದೆ.

ಕಂಪನಿಯನ್ನೇ ಬದಲಿಸುವುದಾದರೆ ಹೊಸಬರು ಬೇರೆ ಲೈನ್ ಎಳೆಯುತ್ತಾರೋ, ಅದೇ ಹಳೆಯ ಲೈನ್ ಬಾಡಿಗೆಗೆ ಪಡೆದು ಹೆಸರು ಮಾತ್ರ ಬದಲಿಸುತ್ತಾರೋ ವಿಚಾರಿಸಿ. ಒಪ್ಪಂದದ ಅವಧಿ ಮುಗಿಯುವ ಮುನ್ನ ಬಿಟ್ಟರೆ ದಂಡ ಇದೆಯೇ ನೋಡಿ. ಹೊಸದು ಒಂದು ತಿಂಗಳು ಸರಿಯಾಗಿ ನಡೆದ ಮೇಲೆಯೇ ಹಳೆಯದನ್ನು ಬಿಡಿ. ಎರಡು ಬಿಲ್ ಕಟ್ಟುವ ಹೊರೆ ಉಂಟು, ಆದರೆ ನಿಮ್ಮ ಹೊಟ್ಟೆಪಾಡು ಆ ಲೈನ್ ಮೇಲೆ ನಿಂತಿದೆ.

ಅಕ್ಕನ ಮಗನ ಮೂರು ಸಲಹೆಗಳಿಗೆ ಬರೋಣ. ಡಿಎನ್‌ಎಸ್ ಎಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ಡೈರೆಕ್ಟರಿ. ಅದನ್ನು ಬದಲಿಸಿದರೆ ಪುಟ ತೆರೆಯಲು ಶುರುವಾಗುವುದು ಒಂದು ಚೂರು ಬೇಗ ಆಗಬಹುದು. 94 ಮಾತ್ರ 95 ಆಗುವುದಿಲ್ಲ.

ವಿಪಿಎನ್ ಎಂದರೆ ನಿಮ್ಮ ಇಂಟರ್ನೆಟ್ ಸಂಚಾರವನ್ನೆಲ್ಲ ಮುಚ್ಚಿದ ಕೊಳವೆಯಲ್ಲಿ ಇನ್ನೊಂದು ಕಂಪನಿಯ ಸರ್ವರ್ ಮೂಲಕ ಸಾಗಿಸುವ ಸೇವೆ. ಉಚಿತ ವಿಪಿಎನ್ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಇಂದು ಹೆಚ್ಚಿನ ತಾಣಗಳ ಒಳಗಿನ ವಿಷಯ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿ ವ್ಯವಸ್ಥೆಯಿಂದ ಮುಚ್ಚಿರುತ್ತದೆ. ನಿಮ್ಮ ಇಂಟರ್ನೆಟ್ ಕಂಪನಿಗೆ ಕಾಣುವುದು ಹೆಚ್ಚಾಗಿ ಯಾವ ತಾಣಕ್ಕೆ, ಯಾವಾಗ ಹೋದಿರಿ ಎಂಬುದು. ವಿಪಿಎನ್ ಹಾಕಿದರೆ ಅದು ಅವರ ಕಣ್ಣಿಗೆ ಮರೆಯಾಗಿ ವಿಪಿಎನ್‌ನವರ ಕಣ್ಣಿಗೆ ಬೀಳುತ್ತದೆ. ಓನಾವೊ ಎಂಬ ಉಚಿತ ವಿಪಿಎನ್ ನಿಮ್ಮ ಮಾಹಿತಿ ಕಾಯುತ್ತೇನೆ ಎಂದೇ ಬಂದದ್ದು. ಅದರ ಒಡೆಯ ಫೇಸ್‌ಬುಕ್, 2013ರಲ್ಲಿ ಕೊಂಡದ್ದು. ಜನ ಯಾವ ಆ್ಯಪ್ ಎಷ್ಟು ಹೊತ್ತು ಬಳಸುತ್ತಾರೆ ಎಂದು ತಿಳಿಯಲು ಕಂಪನಿ ಅದನ್ನೇ ಬಳಸಿತು. 2019ರಲ್ಲಿ ಮುಚ್ಚಿತು. 2023ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ ಫೇಸ್‌ಬುಕ್‌ನ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಆಂಟಿವೈರಸ್ ಮಾರುವ ಅವಾಸ್ಟ್‌ನದೂ ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಗ್ರಾಹಕರ ಬ್ರೌಸಿಂಗ್ ವಿವರ ಮಾರಿದ್ದಕ್ಕೆ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 1.65 ಕೋಟಿ ಡಾಲರ್ ಕಕ್ಕಿಸಿತು. ದುಡ್ಡು ಕೊಟ್ಟು ಪಡೆಯುವ ವಿಪಿಎನ್‌ನಿಂದ ಒಂದು ಪ್ರಯೋಜನವಿದೆ, ಪರೀಕ್ಷೆಗೆ. ಅದನ್ನು ಹಾಕಿದಾಗ ನಿಂತ ವಿಡಿಯೊ ಓಡತೊಡಗಿದರೆ, ಕಂಪನಿ ಆ ದಾರಿಯನ್ನು ಕಟ್ಟಿದೆ ಅಥವಾ ದಾರಿ ಇಕ್ಕಟ್ಟಾಗಿದೆ ಎಂಬುದಕ್ಕೆ ಒಳ್ಳೆಯ ಸುಳಿವು.

ಅಪ್‌ಡೇಟ್ ನಿಲ್ಲಿಸುವುದು ಮೂರರಲ್ಲಿ ಹೆಚ್ಚು ಅಪಾಯದ್ದು. ಅನುಮಾನ ಹುಟ್ಟಿದ್ದು ಏಕೆ ಎಂದು ನನಗೂ ಗೊತ್ತು. 2017ರ ಜನವರಿಯಲ್ಲಿ ಆ್ಯಪಲ್ ಐಓಎಸ್ 10.2.1 ಬಿಟ್ಟಿತು. ಹಳೆಯ ಬ್ಯಾಟರಿಯ ಒಳರೋಧ ಹೆಚ್ಚಿರುತ್ತದೆ. ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿದು ಫೋನ್ ದಿಢೀರ್ ಆರುತ್ತದೆ. ಅದನ್ನು ತಪ್ಪಿಸಲು ಆ ಅಪ್‌ಡೇಟ್ ಪ್ರೊಸೆಸರನ್ನು ನಿಧಾನಿಸಿತು. ಎಂಜಿನಿಯರಿಂಗ್ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕಂಪನಿ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು ವರ್ಷದ ಕೊನೆಗೆ, ಹೊರಗಿನವರು ಪತ್ತೆ ಹಚ್ಚಿದ ಮೇಲೆ. ಅಷ್ಟರೊಳಗೆ ಬ್ಯಾಟರಿ ಬದಲಿಸಿದ್ದರೆ ಸಾಕಾಗಿದ್ದ ಎಷ್ಟೋ ಜನ ಹೊಸ ಫೋನ್ ಕೊಂಡಿದ್ದರು. 2020ರಲ್ಲಿ ಫ್ರಾನ್ಸ್ ವಿಧಿಸಿದ 2.5 ಕೋಟಿ ಯೂರೊ ದಂಡವೂ ಈ ಮೌನಕ್ಕಾಗಿ. ನಿಮ್ಮ ಫೋನ್ ವಿಷಯದಲ್ಲಿ ಮೊದಲು ಬ್ಯಾಟರಿಯ ಆರೋಗ್ಯ, ಖಾಲಿ ಇರುವ ಜಾಗ ನೋಡಿ. ಅಪ್‌ಡೇಟ್ ಆದ ಒಂದೆರಡು ದಿನ ಫೋನ್ ಒಳಗೊಳಗೇ ಫೈಲ್‌ಗಳನ್ನು ಮತ್ತೆ ಜೋಡಿಸಿಕೊಳ್ಳುವುದರಿಂದಲೂ ಮಂದವಾಗುತ್ತದೆ.

ಅಪ್‌ಡೇಟ್ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ಎಂಬ ವೈರಸ್ 2017ರ ಮೇ ತಿಂಗಳಲ್ಲಿ ನಡೆಸಿದ ದಾಳಿಯೇ ಸಾಕ್ಷಿ. ಅದು ನುಗ್ಗಿದ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಬಿಟ್ಟಿತ್ತು. ಹಾಕಿಕೊಳ್ಳದವರ ಯಂತ್ರಗಳು ಬೀಗ ಬಿದ್ದು ನಿಂತವು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ನಾನು ಪಾಲಿಸುವುದು ಹೀಗೆ: ಭದ್ರತೆಯ ತೇಪೆ ಬಂದ ದಿನವೇ ಹಾಕುತ್ತೇನೆ. ಹೊಸ ರೂಪ, ಹೊಸ ಸಂಖ್ಯೆಯ ದೊಡ್ಡ ಅಪ್‌ಡೇಟ್ ಆದರೆ ಎರಡು ಮೂರು ವಾರ ಬೇರೆಯವರು ಮುಗ್ಗರಿಸುವುದನ್ನು ನೋಡಿ ಆಮೇಲೆ.

ಫೋನ್ ಕದ್ದು ಕೇಳುತ್ತದೆಯೇ ಎಂಬುದಕ್ಕೆ ಚಿಕ್ಕ ಉತ್ತರ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಆಂಡ್ರಾಯ್ಡ್‌ನ 17,000ಕ್ಕೂ ಹೆಚ್ಚು ಆ್ಯಪ್‌ಗಳನ್ನು ಪರೀಕ್ಷಿಸಿದರು. ಗುಟ್ಟಾಗಿ ದನಿ ಕಳಿಸುವ ಒಂದೂ ಸಿಗಲಿಲ್ಲ. ಹುಡುಕದೇ ಇದ್ದದ್ದು ಸಿಕ್ಕಿತು: ಕೆಲವು ಆ್ಯಪ್‌ಗಳು ಪರದೆಯ ಮೇಲೆ ನಡೆಯುವುದನ್ನು ರೆಕಾರ್ಡ್ ಮಾಡಿ ಹೊರಗಿನ ಕಂಪನಿಗಳಿಗೆ ಕಳಿಸುತ್ತಿದ್ದವು. ನೀವು ಆ ವಸ್ತುವಿನ ಬಗ್ಗೆ ಮಾತಾಡಿದ್ದು ಯಾರ ಜೊತೆ? ಅವರು ಅದೇ ವೈಫೈನಲ್ಲಿ ಅದನ್ನು ಹುಡುಕಿರಬಹುದು. ಒಂದೇ ವಿಳಾಸದಿಂದ ಹೊರಬೀಳುವ ಇಡೀ ಮನೆ ಜಾಹೀರಾತಿನವರಿಗೆ ಒಂದು ಕುಟುಂಬ. ಟಿವಿಯ ಸೆಟ್ಟಿಂಗ್ಸ್ ಕೂಡ ತೆರೆದು ನೋಡಿ. ವಿಜಿಯೊ ಎಂಬ ಕಂಪನಿ 1.1 ಕೋಟಿ ಟಿವಿಗಳಲ್ಲಿ ಜನ ಏನು ನೋಡುತ್ತಾರೆ ಎಂದು ಅವರಿಗೆ ಸರಿಯಾಗಿ ತಿಳಿಸದೆ ದಾಖಲಿಸಿದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ತೆತ್ತಿತು. ಮೈಕ್‌ಗೆ ಟೇಪ್ ಅಂಟಿಸಿ ಕೂತವರ ಮನೆಯಲ್ಲೂ ಇಂಥ ಟಿವಿ ಓಡುತ್ತಿದ್ದಿರಬಹುದು.

ಈಗ ಮೊದಲು ಲಿಂಕ್ ಸ್ಪೀಡ್ ನೋಡಿ, ಕೇಬಲ್ ಬದಲಿಸಿ, ಮತ್ತೆ ಅಳೆಯಿರಿ. ಆಗಲೂ 94 ಬಂದರೆ ರೌಟರ್‌ನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಮಾದರಿಯ ಹೆಸರು ಇರುತ್ತದೆ. ಅದರ ಪೋರ್ಟ್ ಎಷ್ಟರದು ಎಂದು ಆ ಮಾದರಿಯ ಕೈಪಿಡಿಯಲ್ಲೇ ಸಿಗುತ್ತದೆ. 100 ಎಂದಿದ್ದರೆ ಆ ಪುಟದ ಪ್ರತಿಯನ್ನು ಐದು ತಿಂಗಳ ಬಿಲ್‌ಗಳ ಜೊತೆ ಲಗತ್ತಿಸಿ, ಈ ಪೆಟ್ಟಿಗೆಯಲ್ಲಿ ವೈರ್ ಮೂಲಕ 200 ಹೇಗೆ ಬರುತ್ತದೆ ಎಂದು ಬರಹದಲ್ಲೇ ಕೇಳಿ. ವೈಫೈನಲ್ಲಿ ಬರುತ್ತದೆ ಎಂಬ ಜಾಣ ಉತ್ತರ ಬಂದೀತು. ಹಾಗಾಗಿ ಬರೆಯುವ ಮುನ್ನ ರೌಟರ್ ಪಕ್ಕದಲ್ಲೇ ಕೂತು 5 ಗಿಗಾಹರ್ಟ್ಸ್ ವೈಫೈನಲ್ಲೂ ಒಮ್ಮೆ ಅಳೆದಿಟ್ಟುಕೊಳ್ಳಿ.